ಇನ್ನೊಂದು ಸಲ ಕರೆಂಟ್ ಕೊಡೋಕಾಗಲ್ವಾ ಸಾರ್?

ನಮ್ಮ ರೇಡಿಯೇಷನ್ ವಿಭಾಗದ ಹೊರಗಿನ ಬೆಂಚಿನಲ್ಲಿ ದಿನಾ ಕೇಳಿಸುವ ಮಾತು 'ಕರೆಂಟ್'. "ಮೂವತ್ಮೂರು ಕರೆಂಟ್ ಬರೆದಿದ್ದಾರೆ", "ನಾಳೆ ಕೊನೇ ಕರೆಂಟ್". ಅದು ಕರೆಂಟಲ್ಲ, ಎಕ್ಸ್-ರೇ ಅಂತ ತಿದ್ದುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. ನಾನು ಡಾಕ್ಟರಲ್ಲ, ಮೆಡಿಕಲ್ ಫಿಸಿಸಿಸ್ಟ್. ಎಲ್ಲಿಗೆ ಎಷ್ಟು ಡೋಸ್ ಅಂತ ಡಾಕ್ಟರು ಬರೆಯುತ್ತಾರೆ. ಅದು ಅಲ್ಲಿಗೇ, ಅಷ್ಟೇ ಬೀಳುವ ಹಾಗೆ ಲೆಕ್ಕ ಹಾಕುವುದು ನನ್ನ ಕೆಲಸ.

ಮೊನ್ನೆ ಮಲೆನಾಡಿನ ಕಡೆಯ ಹುಡುಗನೊಬ್ಬ ಫೋನ್ ಹಿಡಿದುಕೊಂಡು ಬಂದ. ಅಪ್ಪನಿಗೆ ಕೆನ್ನೆಯ ಕ್ಯಾನ್ಸರ್. ಎರಡು ವರ್ಷದ ಹಿಂದೆ ಬೇರೆ ಊರಿನ ಆಸ್ಪತ್ರೆಯಲ್ಲಿ ಆಪರೇಷನ್, ರೇಡಿಯೇಷನ್ ಎರಡೂ ಆಗಿತ್ತು. ಈಗ ಅದೇ ಜಾಗದಲ್ಲಿ ಮತ್ತೆ ಗಂಟು. ಕತ್ತರಿಸಲು ಆಗುವುದಿಲ್ಲ ಎಂದು ಸರ್ಜನ್ ಹೇಳಿದ್ದಾರೆ. "ಇನ್ನೊಂದು ಸಲ ಕರೆಂಟ್ ಕೊಡೋಕಾಗಲ್ವಾ ಸಾರ್? ಜಪಾನಿನಲ್ಲಿ ಬೋರಾನ್ ಅಂತ ಏನೋ ಕೊಡ್ತಾರಂತೆ, ಒಂದೇ ದಿನ ಸಾಕಂತೆ." ಹೀಗೆ ಫಾರ್ವರ್ಡ್ ಆಗಿ ಬರುವ ಹತ್ತು ಚಿಕಿತ್ಸೆಗಳಲ್ಲಿ ಒಂಬತ್ತು ಬರೀ ಸುಳ್ಳು. ಇದು ಹತ್ತನೆಯದು.

ಮೊದಲನೇ ಪ್ರಶ್ನೆಗೆ ಉತ್ತರ ಸುಲಭವಲ್ಲ. ರೇಡಿಯೇಷನ್ ಬಿದ್ದ ಜಾಗ ಅದನ್ನು ಮರೆಯುವುದಿಲ್ಲ. ಬೆನ್ನುಹುರಿಗೆ ಇಷ್ಟು, ದವಡೆ ಮೂಳೆಗೆ ಇಷ್ಟು ಅಂತ ಮಿತಿ ಇದೆ. ಒಂದು ಕೋರ್ಸಿನಲ್ಲೇ ಅದರ ಬಹುಪಾಲು ಖರ್ಚಾಗಿರುತ್ತದೆ. ಎಕ್ಸ್-ರೇ ಕಿರಣ ಗಂಟನ್ನು ಮುಟ್ಟುವ ಮೊದಲು ಚರ್ಮ ದಾಟಬೇಕು, ಮುಟ್ಟಿದ ಮೇಲೂ ಆಚೆ ಕಡೆಯಿಂದ ಹೊರಗೆ ಹೋಗಬೇಕು. ಕ್ಯಾನ್ಸರ್ ಕೋಶ ಯಾವುದು, ಪಕ್ಕದ ಒಳ್ಳೆ ಕೋಶ ಯಾವುದು ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ಬೋರಾನ್ ಚಿಕಿತ್ಸೆಯ ಕಥೆ ಇರುವುದು ಇಲ್ಲೇ. ಮೊದಲು ಕ್ಯಾನ್ಸರ್ ಕೋಶದೊಳಗೆ ಬೋರಾನ್ ಸೇರಿಸುವುದು, ಆಮೇಲೆ ಹೊರಗಿನಿಂದ ನ್ಯೂಟ್ರಾನ್ ಬಿಡುವುದು, ಇಷ್ಟೇ ಉಪಾಯ. ಹುಡುಗ ಕೇಳಿದ: "ನಾವು ಅಡಿಕೆ ಒಡೀಬಾರದು ಅಂತ ಬೋರಾಕ್ಸ್ ಹೊಡೀತೀವಲ್ಲ, ಅದೇನಾ?" ಅದೇ. ಅಂದರೆ ಬೋರಾಕ್ಸಿನಲ್ಲಿರುವ ಬೋರಾನೇ. ಅಕ್ಕಸಾಲಿಗರ ಬಿಳಿಗಾರವೂ ಬೋರಾಕ್ಸೇ. ಕೇರಂ ಬೋರ್ಡಿಗೆ ಉದುರಿಸುವ ಬೋರಿಕ್ ಪೌಡರ್ ಕೂಡ ಇದರ ಸಂಬಂಧಿಕನೇ. ಪ್ರಕೃತಿಯಲ್ಲಿ ಸಿಗುವ ಬೋರಾನ್ ಪರಮಾಣುಗಳಲ್ಲಿ ಐದಕ್ಕೆ ಒಂದರಷ್ಟು ಬೋರಾನ್-10 ಎಂಬ ಬಗೆಯವು. ಅದಕ್ಕೆ ನ್ಯೂಟ್ರಾನ್, ಅಂದರೆ ಪರಮಾಣುವಿನ ನಡುವೆ ಇರುವ ಚಾರ್ಜ್ ಇಲ್ಲದ ಕಣ, ಕಂಡರೆ ವಿಪರೀತ ಹಸಿವು. ನಿಧಾನವಾಗಿ ಚಲಿಸುವ ನ್ಯೂಟ್ರಾನನ್ನು ಹಿಡಿಯುವುದರಲ್ಲಿ ನಮ್ಮ ಮೈಯ ಹೈಡ್ರೋಜನ್‌ಗಿಂತ ಹತ್ತು ಸಾವಿರ ಪಟ್ಟಿಗೂ ಜಾಸ್ತಿ ಚುರುಕು. ಅಣುಸ್ಥಾವರಗಳಲ್ಲಿ ನ್ಯೂಟ್ರಾನ್ ನುಂಗಿ ಕ್ರಿಯೆಯನ್ನು ತಡೆಯಲು ಬೋರಾನ್ ಬಳಸುವುದು ಇದಕ್ಕೇ.

ನ್ಯೂಟ್ರಾನ್ ನುಂಗಿದ ಬೋರಾನ್ ಒಡೆದು ಎರಡು ಚೂರಾಗುತ್ತದೆ. ಒಂದು ಆಲ್ಫಾ ಕಣ, ಇನ್ನೊಂದು ಲಿಥಿಯಂ. ಎರಡಕ್ಕೂ ಶಕ್ತಿ ಜಾಸ್ತಿ, ಓಟ ಕಡಿಮೆ. ಪೌಡರ್ ಹಾಕದ ಬೋರ್ಡಿನ ಮೇಲಿನ ಕಾಯಿಯ ಹಾಗೆ ಗಕ್ಕನೆ ನಿಂತುಬಿಡುತ್ತವೆ. ಆಲ್ಫಾ ಓಡುವುದು ಸುಮಾರು 9 ಮೈಕ್ರಾನ್, ಲಿಥಿಯಂ 5. ಒಂದು ಕೋಶದ ಅಗಲವೂ ಹತ್ತಿರ ಹತ್ತಿರ ಅಷ್ಟೇ. ಅಂದರೆ ಬೋರಾನ್ ಇರುವ ಕೋಶ ಸಾಯುತ್ತದೆ, ಪಕ್ಕದ ಮನೆಗೆ ಅಷ್ಟಾಗಿ ಪೆಟ್ಟಿಲ್ಲ. ನ್ಯೂಟ್ರಾನನ್ನು ಒಂದೊಂದು ಕೋಶಕ್ಕೆ ಗುರಿಯಿಟ್ಟು ಹೊಡೆಯಬೇಕಾಗಿಲ್ಲ. ಗುರಿ ಇಡುವ ಕೆಲಸ ಬೋರಾನಿನದು.

ಈ ಉಪಾಯ ಹೊಸದೇನಲ್ಲ. ಚಾಡ್ವಿಕ್ ನ್ಯೂಟ್ರಾನ್ ಕಂಡುಹಿಡಿದದ್ದು 1932ರಲ್ಲಿ. 1936ರಲ್ಲೇ ಅಮೆರಿಕದ ಗಾರ್ಡನ್ ಲೋಕರ್ ಇದನ್ನು ಬರೆದಿಟ್ಟರು. 1951ರಲ್ಲಿ ಬ್ರೂಕ್‌ಹೇವನ್ ರಿಯಾಕ್ಟರಿನಲ್ಲಿ ಮಿದುಳಿನ ಗಡ್ಡೆಯ ರೋಗಿಗಳ ಮೇಲೆ ಪ್ರಯೋಗವೂ ಶುರುವಾಯಿತು. ಆಗ ರಕ್ತಕ್ಕೆ ಸೇರಿಸಿದ್ದು ಏನು ಗೊತ್ತಾ? ಬಿಳಿಗಾರವೇ, ಬೋರಾನ್-10 ಹೆಚ್ಚಿಸಿದ್ದು. ಬಿಳಿಗಾರಕ್ಕೆ ಗಡ್ಡೆಯ ಮೇಲೆ ವಿಶೇಷ ಪ್ರೀತಿಯೇನೂ ಇಲ್ಲವಲ್ಲ. ರಕ್ತದಲ್ಲೇ ಬಹಳಷ್ಟು ಉಳಿಯಿತು. ಆ ನ್ಯೂಟ್ರಾನ್‌ಗಳು ಆಳಕ್ಕೂ ಇಳಿಯುತ್ತಿರಲಿಲ್ಲ. ಫಲ ಸಿಗಲಿಲ್ಲ. 1961ರ ಹೊತ್ತಿಗೆ ಅಮೆರಿಕ ಕೈಬಿಟ್ಟಿತು.

ಹಿಡಿದದ್ದು ಜಪಾನ್. ಬಾಸ್ಟನ್ನಿನಲ್ಲಿ ಈ ಕೆಲಸ ಕಲಿತ ಹಿರೋಶಿ ಹತನಾಕ 1968ರಿಂದ ಬೇರೆ ಬೋರಾನ್ ಸಂಯುಕ್ತ ಇಟ್ಟುಕೊಂಡು, ತಲೆಬುರುಡೆ ತೆರೆದು ಚಿಕಿತ್ಸೆ ಮುಂದುವರಿಸಿದರು. 1987ರಲ್ಲಿ ಯುತಾಕ ಮಿಶಿಮ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿಗೆ ಬಿಪಿಎ ಎಂಬ ಔಷಧ ಬಳಸಿದರು. ಇಂದಿಗೂ ಮುಖ್ಯವಾಗಿ ನಡೆಯುತ್ತಿರುವುದು ಅದರಲ್ಲೇ. ಬಿಪಿಎ ನೋಡಲು ಫಿನೈಲಅಲನಿನ್ ಎಂಬ ಅಮೈನೋ ಆಮ್ಲದ ಹಾಗಿದೆ, ಬಾಲಕ್ಕೆ ಬೋರಾನ್ ಕಟ್ಟಿದೆ ಅಷ್ಟೇ. ಬೆಳೆಯುವ ಅವಸರದಲ್ಲಿರುವ ಕ್ಯಾನ್ಸರ್ ಕೋಶ ಅದನ್ನು ಊಟ ಅಂದುಕೊಂಡು ಒಳಗೆ ಎಳೆದುಕೊಳ್ಳುತ್ತದೆ.

ಎಲ್ಲ ಕೋಶವೂ ಹಾಗೆ ಎಳೆದುಕೊಳ್ಳುವುದಿಲ್ಲ ಅನ್ನುವುದೇ ತೊಂದರೆ. ಗಡ್ಡೆಯಲ್ಲಿ ಒಂದು ಗ್ರಾಂಗೆ 20ರಿಂದ 30 ಮೈಕ್ರೋಗ್ರಾಂ ಬೋರಾನ್ ಬೇಕು, ರಕ್ತದಲ್ಲಿರುವುದಕ್ಕಿಂತ ಮೂರು ಪಟ್ಟಾದರೂ ಜಾಸ್ತಿ ಇರಬೇಕು. ಅದಕ್ಕಾಗಿ ಮೈಯ ತೂಕದ ಒಂದೊಂದು ಕಿಲೋಗೆ ಅರ್ಧ ಗ್ರಾಂ ಔಷಧ ಹರಿಸುತ್ತಾರೆ. 60 ಕಿಲೋ ಇರುವವರಿಗೆ 30 ಗ್ರಾಂ. ಜ್ವರಕ್ಕೆ ನುಂಗುವ 500 ಮಿಲಿಗ್ರಾಂ ಮಾತ್ರೆಗಳ ತೂಕಕ್ಕೆ ಹೋಲಿಸಿದರೆ ಅರವತ್ತು ಮಾತ್ರೆ! ಅಷ್ಟರಲ್ಲಿ ಬೋರಾನ್ ಇರುವುದು ಒಂದೂವರೆ ಗ್ರಾಂ ಮಾತ್ರ. ನೀರಿನಲ್ಲಿ ಸರಿಯಾಗಿ ಕರಗದ ವಸ್ತು ಬೇರೆ. ಕಿಡ್ನಿಯಲ್ಲಿ ಹರಳುಗಟ್ಟಬಹುದು. 1958ರಲ್ಲೇ ಲ್ಯಾಬಿನಲ್ಲಿ ತಯಾರಾಗಿದ್ದ ಈ ಅಣುವಿಗೆ ಇವತ್ತಿಗೂ ಗಟ್ಟಿ ಪೈಪೋಟಿ ಹುಟ್ಟಿಲ್ಲ. ಯಂತ್ರದ ಕಡೆಯವನಾಗಿ ನಾನೇ ಹೇಳುತ್ತೇನೆ, ಈ ಚಿಕಿತ್ಸೆ ಕುಂಟುತ್ತಿರುವುದು ಯಂತ್ರದಿಂದಲ್ಲ, ಔಷಧದಿಂದ.

ಯಂತ್ರ ಬಹಳ ಮುಂದೆ ಬಂದಿದೆ. ಮೊದಲು ರಿಯಾಕ್ಟರ್ ಇದ್ದ ಕಡೆಗೆ ರೋಗಿ ಹೋಗಬೇಕಿತ್ತು. ಇಟಲಿಯ ಪಾವಿಯಾದಲ್ಲಿ 2001ರಲ್ಲಿ ರೋಗಿ ಹೋಗಲಿಲ್ಲ, ಅವನ ಲಿವರ್ ಒಂದೇ ಹೋಯಿತು! ಬೋರಾನ್ ಹರಿಸಿ, ಲಿವರನ್ನು ಹೊರತೆಗೆದು, ಚೀಲದಲ್ಲಿಟ್ಟು ರಿಯಾಕ್ಟರಿಗೆ ಒಯ್ದು, ನ್ಯೂಟ್ರಾನ್ ಕೊಟ್ಟು ತಂದು ಮತ್ತೆ ಜೋಡಿಸಿದರು. ಆ ರೋಗಿ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಬದುಕಿದರು. ಎರಡನೆಯವರು ಸುಮಾರು ಒಂದು ತಿಂಗಳಲ್ಲಿ ತೀರಿಕೊಂಡರು. ಎಷ್ಟು ಧೈರ್ಯ ಅಂತ ಈಗಲೂ ಅನಿಸುತ್ತದೆ, ಸ್ವಲ್ಪ ಭಯವೂ ಆಗುತ್ತದೆ.

ಈಗ ಅಷ್ಟೆಲ್ಲ ಬೇಕಿಲ್ಲ. ಕ್ಯೋಟೋ ವಿಶ್ವವಿದ್ಯಾಲಯದವರು ಸುಮಿಟೊಮೊ ಕಂಪನಿಯ ಜೊತೆ ಸೇರಿ ಆಸ್ಪತ್ರೆಯೊಳಗೇ ಇಡಬಹುದಾದ ಯಂತ್ರ ಮಾಡಿದರು. ಕಣಗಳಿಗೆ ವೇಗ ಕೊಡುವ ಸೈಕ್ಲೋಟ್ರಾನಿನಿಂದ ಪ್ರೋಟಾನ್ ಹೊಡೆದರೆ ಬೆರಿಲಿಯಂ ತಟ್ಟೆಯಿಂದ ನ್ಯೂಟ್ರಾನ್ ಹೊರಡುತ್ತದೆ. 2020ರ ಮಾರ್ಚಿನಲ್ಲಿ ಜಪಾನ್ ಸರ್ಕಾರ ಈ ಯಂತ್ರಕ್ಕೂ ಔಷಧಕ್ಕೂ ಅನುಮತಿ ಕೊಟ್ಟಿತು, ಜೂನ್‌ನಿಂದ ವಿಮೆಯೂ ಸಿಕ್ಕಿತು. ಯಾರಿಗೆ? ಕತ್ತರಿಸಲಾಗದ, ಅದೇ ಜಾಗದಲ್ಲಿ ಹಬ್ಬಿದ ಅಥವಾ ಮರುಕಳಿಸಿದ ತಲೆ-ಕುತ್ತಿಗೆ ಕ್ಯಾನ್ಸರಿಗೆ. ಹುಡುಗನ ಅಪ್ಪನಂಥವರಿಗೆ.

ಅಲ್ಲಿ ನಡೆಯುವುದು ಹೀಗೆ. ಮೊದಲು ಎರಡು ಗಂಟೆ ಔಷಧದ ಡ್ರಿಪ್. ರಕ್ತ ತೆಗೆದು ಬೋರಾನ್ ಎಷ್ಟಿದೆ ಅಂತ ಅಳೆಯುತ್ತಾರೆ. ಎಷ್ಟು ನಿಮಿಷ ನ್ಯೂಟ್ರಾನ್ ಕೊಡಬೇಕು ಎನ್ನುವುದು ಆ ಅಳತೆಯ ಮೇಲೆ. ಬಾಯಿಯ ಒಳಪದರವೂ ಬೋರಾನನ್ನು ಚೆನ್ನಾಗಿ ಹೀರುವುದರಿಂದ, ಡೋಸಿಗೆ ಬೇಲಿ ಹಾಕುವುದು ಅದೇ. ರೋಗಿಯನ್ನು ಮಲಗಿಸಿಯೋ ಕೂರಿಸಿಯೋ ನ್ಯೂಟ್ರಾನ್ ಹೊರಬರುವ ಕಿಂಡಿಗೆ ಆದಷ್ಟು ಹತ್ತಿರ ತರುತ್ತಾರೆ. ಇಲ್ಲಿ ಭುಜ ಅಡ್ಡ ಬರುವುದು ದೊಡ್ಡ ತಲೆನೋವು. ದೂರ ಹೋದಷ್ಟೂ ನ್ಯೂಟ್ರಾನ್ ಚೆದುರುತ್ತದೆ. ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಮುಗಿಯುತ್ತದೆ. ನಮ್ಮ ಮೂವತ್ಮೂರು ದಿನದ ಬದಲು ಒಂದು ದಿನ.

ಅನುಮತಿಗೆ ಆಧಾರವಾದ ಪ್ರಯೋಗದಲ್ಲಿ ಇದ್ದವರು 21 ಜನ. ಅವರಲ್ಲಿ ಶೇ. 71 ಮಂದಿಯ ಗಡ್ಡೆ ಚೆನ್ನಾಗಿ ಕುಗ್ಗಿತು ಅಥವಾ ಕಾಣದಂತಾಯಿತು. ಬೇರೆ ದಾರಿಯಿಲ್ಲದವರಲ್ಲಿ ಇದು ದೊಡ್ಡ ಸಂಖ್ಯೆ, ಆದರೆ ಜನ ಬಹಳ ಕಡಿಮೆ. ಇನ್ನೊಂದು ಚಿಕಿತ್ಸೆಯ ಪಕ್ಕದಲ್ಲಿಟ್ಟು ತೂಗಿದ ಪ್ರಯೋಗವೂ ಅದಲ್ಲ. ಕುಗ್ಗುವುದು ಬೇರೆ, ವಾಸಿಯಾಗುವುದು ಬೇರೆ. ಗಡ್ಡೆ ಮೇಲಿನಿಂದ ಆರೇಳು ಸೆಂಟಿಮೀಟರಿಗಿಂತ ಕೆಳಗಿದ್ದರೆ ಸಾಕಷ್ಟು ನ್ಯೂಟ್ರಾನ್ ತಲುಪುವುದಿಲ್ಲ. ಮೈಯೆಲ್ಲ ಹರಡಿದ್ದರೂ ಇದು ಬೇಡ. ಕುತ್ತಿಗೆಯ ದೊಡ್ಡ ರಕ್ತನಾಳವನ್ನು ಗಡ್ಡೆ ಸುತ್ತಿಕೊಂಡಿದ್ದರೆ ಅದು ಒಡೆದು ರಕ್ತ ಹೋಗುವ ಅಪಾಯವಿದೆ.

ನಮ್ಮ ದೇಶದಲ್ಲಿ ಬಾಯಿ ಕ್ಯಾನ್ಸರ್ ಎಷ್ಟಿದೆ ಅಂತ ಹೇಳಬೇಕಾಗಿಲ್ಲ, ನಮ್ಮ ಬೆಂಚನ್ನೇ ನೋಡಿದರೆ ಸಾಕು. ಬೋರಾನ್-10 ಬೇರ್ಪಡಿಸುವುದು ನಮಗೆ ಹೊಸದಲ್ಲ, ಭಾರಜಲ ಮಂಡಳಿ ಕಲ್ಪಾಕ್ಕಂ ರಿಯಾಕ್ಟರಿಗಾಗಿ ಅದನ್ನು ಮಾಡುತ್ತದೆ. ಕೈಗೆ ಬಂದದ್ದು ಬಾಯಿಗೆ ಬಂದಿಲ್ಲ ಅನ್ನುತ್ತಾರಲ್ಲ, ನಮ್ಮಲ್ಲಿ ಈ ಚಿಕಿತ್ಸೆಯ ಕಥೆ ಹಾಗೆ.

ಇಷ್ಟನ್ನೂ ಹುಡುಗನಿಗೆ ಹೇಳಿದೆ. ರಕ್ತನಾಳದ ವಿಷಯಕ್ಕೆ ಹೊಸ ಸ್ಕ್ಯಾನ್ ಬೇಕು, ಅದನ್ನು ಡಾಕ್ಟರು ನೋಡುತ್ತಾರೆ. ನನಗೆ ಬೇಕಾದದ್ದು ಹಳೆಯ ಪ್ಲಾನ್ ಇರುವ ಸಿಡಿ. ಮೊದಲ ಸಲ ಯಾವ ಮೂಳೆಗೆ, ಯಾವ ನರಕ್ಕೆ ಎಷ್ಟು ಬಿದ್ದಿದೆ ಅಂತ ಗೊತ್ತಿಲ್ಲದೆ ಇಲ್ಲಿ ನಾನಾಗಲಿ, ಅಲ್ಲಿ ಜಪಾನಿನವರಾಗಲಿ ಲೆಕ್ಕ ಶುರು ಮಾಡುವುದು ಹೇಗೆ?

ಗುರುವಾರ ಮತ್ತೆ ಬಂದ. ತಂದದ್ದು ಡಿಸ್ಚಾರ್ಜ್ ಸಮ್ಮರಿ ಒಂದೇ. ಅದರಲ್ಲಿ ರೇಡಿಯೇಷನ್ ಬಗ್ಗೆ ಇದ್ದದ್ದು ಒಂದೇ ಸಾಲು: 66 ಗ್ರೇ, 33 ಸಿಟ್ಟಿಂಗ್. ಗ್ರೇ ಅಂದರೆ ಡೋಸಿನ ಅಳತೆ. ಸಿಡಿ ಕೇಳಿದರೆ ಸಿಸ್ಟಮ್ ಬದಲಾಯಿಸಿದಾಗ ಹಳೆಯದೆಲ್ಲ ಹೋಯಿತು ಅಂದರಂತೆ. ಒಂದು ಪತ್ರ ಬರೆದುಕೊಟ್ಟು, ಸುಮ್ನೆ ಕೌಂಟರಿನಲ್ಲಿ ಕೇಳಬೇಡ, ಅಲ್ಲಿಯ ಫಿಸಿಸಿಸ್ಟನ್ನೇ ನೋಡು, ಬ್ಯಾಕಪ್ ಇಟ್ಟಿರುತ್ತಾರೆ ಅಂತ ಹೇಳಿ ಮತ್ತೆ ಬಸ್ಸು ಹತ್ತಿಸಿದೆ.