ಕಪ್ಪು ಹುಡುಗರು ಮನೆ ನಕ್ಷೆ ಬರೀತಾರಾ?

1920ರ ಜನವರಿ. ಅಮೆರಿಕದ ಒಬ್ಬ ಹುಡುಗ ಬರೆದ ಕಾಗದ ಆಗಷ್ಟೇ ಶುರುವಾಗಿದ್ದ ಮಕ್ಕಳ ಪತ್ರಿಕೆಯಲ್ಲಿ ಅಚ್ಚಾಯಿತು. ಕಪ್ಪು ಹುಡುಗರು ದೊಡ್ಡವರಾದ ಮೇಲೆ ಏನೇನು ಕೆಲಸ ಮಾಡಬಹುದು, ಅದನ್ನು ದಯವಿಟ್ಟು ಪತ್ರಿಕೆಯಲ್ಲಿ ಹಾಕಿ ಎಂದು ಅವನು ಕೇಳಿಕೊಂಡಿದ್ದ. ಅವನಿಗೆ ಡಾಕ್ಟರ್ ಗೀಕ್ಟರ್ ಆಗೋದು ಬೇಡ. ಮನೆಗಳ ನಕ್ಷೆ ಬರೆಯಬೇಕು. ಒಂದು ದಿನ ಬೀದಿಯಲ್ಲಿ ಮನೆ ಕಟ್ಟುವುದನ್ನು ನೋಡುತ್ತಾ ನಿಂತಿದ್ದಾಗ, ಅಲ್ಲಿದ್ದ ಬಿಳಿಯರ ಹುಡುಗನಿಗೆ ಈ ಆಸೆ ಹೇಳಿದನಂತೆ. ಅವನು ನಕ್ಕುಬಿಟ್ಟ. ಕಪ್ಪು ಹುಡುಗರು ಎಲ್ಲಾದರೂ ಮನೆ ನಕ್ಷೆ ಬರೀತಾರಾ ಎಂದ.

ಆ ಪತ್ರಿಕೆಯ ಹೆಸರು 'ದಿ ಬ್ರೌನೀಸ್ ಬುಕ್'. ಕಪ್ಪು ಮಕ್ಕಳಿಗಾಗಿ ಕಪ್ಪು ಚಿಂತಕ ಡಬ್ಲ್ಯೂ.ಇ.ಬಿ. ಡು ಬೋಯಿಸ್ ತಂದಿದ್ದು. ಬೆಲೆ 15 ಸೆಂಟ್. ಸಾಹಿತ್ಯದ ಪುಟಗಳನ್ನು ನೋಡಿಕೊಳ್ಳುತ್ತಿದ್ದವರು ಜೆಸ್ಸಿ ಫಾಸೆಟ್. ನಮ್ಮಲ್ಲಿ ವಾಚಕರ ವಾಣಿ ಇದ್ದ ಹಾಗೆ ಅದರಲ್ಲಿ ಮಕ್ಕಳ ಕಾಗದಗಳಿಗೇ ಒಂದು ಅಂಕಣ ಇತ್ತು. ಅದಕ್ಕೆ 'ದಿ ಜ್ಯೂರಿ' ಅಂತ ಹೆಸರಿಟ್ಟಿದ್ದರು. ಮಕ್ಕಳೇ ತೀರ್ಪು ಹೇಳುವವರು! ಲ್ಯಾಂಗ್‌ಸ್ಟನ್ ಹ್ಯೂಸ್ ಎಂಬ ಹದಿಹರೆಯದ ಹುಡುಗನ ಕವಿತೆಗಳನ್ನು 1921ರಲ್ಲಿ ಅಚ್ಚು ಹಾಕಿದ್ದೂ ಇದೇ ಪತ್ರಿಕೆ. ಆಮೇಲೆ ಅವನು ಎಷ್ಟು ದೊಡ್ಡ ಕವಿಯಾದ ಅನ್ನೋದು ಗೊತ್ತೇ ಇದೆ. ಪತ್ರಿಕೆ ಮಾತ್ರ ದುಡ್ಡಿನ ತಾಪತ್ರಯದಿಂದ 24 ಸಂಚಿಕೆಗೇ ನಿಂತುಹೋಯಿತು.

ಕಪ್ಪು ಲೇಖಕರ ಪುಸ್ತಕಗಳ ಕತೆ ಹೇಳುವವರು ಸಾಮಾನ್ಯವಾಗಿ ಲೇಖಕರು, ಪ್ರಶಸ್ತಿಗಳು ಅಂತ ಹೋಗುತ್ತಾರೆ. ನನಗೆ ಆ ಕತೆ ಓದುಗರ ಕಾಗದಗಳಲ್ಲೇ ಜಾಸ್ತಿ ಸಿಗುತ್ತದೆ. ಯಾರು ಏನು ಬರೀಬೇಕು, ಯಾವ ಪುಸ್ತಕ ಯಾವ ಕಪಾಟಿನಲ್ಲಿ ಇರಬೇಕು ಅನ್ನೋದನ್ನು ಒಂದು ಅರ್ಜಿ, ಒಂದು ಪತ್ರ ಎಷ್ಟೋ ಸಲ ತೀರ್ಮಾನ ಮಾಡಿದೆ.

ದೊಡ್ಡವರ ದೂರಿಗೂ ಹಳೇ ಇತಿಹಾಸ ಇದೆ. 1959ರಲ್ಲಿ ಅಲಬಾಮದಲ್ಲಿ ಒಂದು ಮಕ್ಕಳ ಚಿತ್ರಪುಸ್ತಕದ ಮೇಲೆ ಗಲಾಟೆ ಎದ್ದಿತು. ಬರೆದವರು ಬಿಳಿಯರೇ. ತಪ್ಪೇನು ಅಂದರೆ, ಕತೆಯಲ್ಲಿ ಒಂದು ಕಪ್ಪು ಮೊಲಕ್ಕೂ ಒಂದು ಬಿಳಿ ಮೊಲಕ್ಕೂ ಮದುವೆ ಆಗುತ್ತದೆ. ಗ್ರಂಥಾಲಯದವರು ಪುಸ್ತಕವನ್ನು ಎಸೆಯಲಿಲ್ಲ. ಎಲ್ಲರ ಕೈಗೆ ಸಿಗುವ ಕಪಾಟಿನಿಂದ ತೆಗೆದು, ಕೇಳಿದವರಿಗೆ ಮಾತ್ರ ಕೊಡುವ ಕಪಾಟಿಗೆ ಸಾಗಿಸಿದರು. ಈ ಉಪಾಯ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

1965ರಲ್ಲಿ ನ್ಯಾನ್ಸಿ ಲ್ಯಾರಿಕ್ ಎಂಬ ಶಿಕ್ಷಣ ತಜ್ಞೆ ಒಂದು ಲೆಕ್ಕ ಹಾಕಿದರು. 1962ರಿಂದ 64ರವರೆಗೆ ಬಂದ 5,206 ಮಕ್ಕಳ ಪುಸ್ತಕಗಳಲ್ಲಿ ಕನಿಷ್ಠ ಒಂದು ಕಪ್ಪು ಮುಖ ಇದ್ದದ್ದು ಬರೀ ಶೇ 6.7ರಲ್ಲಿ. ಲೇಖನ ಶುರುವಾಗುವುದೇ ಐದು ವರ್ಷದ ಒಂದು ಕಪ್ಪು ಹುಡುಗಿಯ ಪ್ರಶ್ನೆಯಿಂದ: ಪುಸ್ತಕದಲ್ಲಿ ಯಾವಾಗಲೂ ಬಿಳಿ ಮಕ್ಕಳೇ ಯಾಕೆ ಇರ್ತಾರೆ? ಇಪ್ಪತ್ತು ವರ್ಷ ಆದಮೇಲೂ ಪರಿಸ್ಥಿತಿ ಅಷ್ಟಕ್ಕಷ್ಟೇ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಕ್ಕಳ ಪುಸ್ತಕ ಕೇಂದ್ರ 1985ರಲ್ಲಿ ಎಣಿಸಿದಾಗ, ಆ ವರ್ಷದ ಸುಮಾರು 2,500 ಪುಸ್ತಕಗಳಲ್ಲಿ ಕಪ್ಪು ಲೇಖಕರು ಅಥವಾ ಚಿತ್ರಕಾರರದ್ದು 18 ಮಾತ್ರ.

ಕಾಮಿಕ್ಸ್‌ನಲ್ಲೂ ಅದೇ ಪಾಡು. 1947ರಲ್ಲಿ ಫಿಲಡೆಲ್ಫಿಯಾದ ಪತ್ರಕರ್ತ ಆರಿನ್ ಇವಾನ್ಸ್, ಬರೆಯುವವರು ಬಿಡಿಸುವವರು ಎಲ್ಲ ಕಪ್ಪು ಜನರೇ ಇರುವ ಕಾಮಿಕ್ ಪುಸ್ತಕ ತಂದರು. ಎರಡನೇ ಸಂಚಿಕೆಗೆ ಕಾಗದವೇ ಸಿಗಲಿಲ್ಲ, ಅಲ್ಲಿಗೆ ಮುಗಿಯಿತು.

ಈಗ ಷಿಕಾಗೊಗೆ ಬರೋಣ. ಈವ್ ಯೂಯಿಂಗ್ ಅಲ್ಲೇ ಹುಟ್ಟಿ ಬೆಳೆದವರು, ಸಮಾಜಶಾಸ್ತ್ರಜ್ಞೆ. 2017ರಲ್ಲಿ ಅವರ ಮೊದಲ ಕವನ ಸಂಕಲನ 'ಎಲೆಕ್ಟ್ರಿಕ್ ಆರ್ಚಸ್' ಬಂತು. ಅದರಲ್ಲಿ ಕೆಲವು ಕವಿತೆಗಳನ್ನು ಅವರು ಮರುಕತೆ ಎಂದು ಕರೆದಿದ್ದಾರೆ. ಒಂದರಲ್ಲಿ ಸೈಕಲ್ ಓಡಿಸುತ್ತಿರುವ ಪುಟ್ಟ ಹುಡುಗಿಯ ಮೇಲೆ ಒಬ್ಬ ಬಿಳಿ ಹೆಂಗಸು ಕೂಗಾಡುತ್ತಾಳೆ. ಅಲ್ಲಿವರೆಗೂ ಅಚ್ಚಿನ ಅಕ್ಷರ. ಆಮೇಲೆ ಪುಟದಲ್ಲಿ ಇದ್ದಕ್ಕಿದ್ದ ಹಾಗೆ ಕೈಬರಹ ಶುರುವಾಗುತ್ತದೆ, ಸೈಕಲ್ ಮೇಲಕ್ಕೆ ಹಾರುತ್ತದೆ. ನಡೆದದ್ದು ಅಚ್ಚಿನಲ್ಲಿ, ನಡೆಯಬೇಕಿದ್ದದ್ದು ಕೈಬರಹದಲ್ಲಿ. ಮಕ್ಕಳಿಗೆ ಹೇಳಿಕೊಡದೇ ಅರ್ಥವಾಗುವ ಉಪಾಯ, ಅಲ್ವಾ?

ಅದೇ ಹೊತ್ತಿಗೆ ಮಾರ್ವೆಲ್ ಕಾಮಿಕ್ಸ್‌ನಲ್ಲಿ ರೀರಿ ವಿಲಿಯಮ್ಸ್ ಎಂಬ ಹುಡುಗಿ ಇದ್ದಳು. ಷಿಕಾಗೊದವಳೇ, ಹದಿನೈದರ ಕಪ್ಪು ಹುಡುಗಿ, ಐರನ್ ಮ್ಯಾನ್‌ನಂಥ ಲೋಹದ ಕವಚ ತಾನೇ ಮಾಡಿಕೊಂಡವಳು. ಅವಳನ್ನು ಹುಟ್ಟಿಸಿದ ಲೇಖಕ ಬಿಳಿಯ. 2016ರಲ್ಲಿ ಒಂದು ಮುಖಪುಟದಲ್ಲಿ ಈ ಹದಿನೈದರ ಹುಡುಗಿಯನ್ನು ಮಾದಕವಾಗಿ ಬಿಡಿಸಿದ್ದರು. ಓದುಗರು ರೇಗಿದರು, ಮುಖಪುಟ ವಾಪಸ್ಸಾಯಿತು. ಮರುವರ್ಷ ಮಾರ್ವೆಲ್‌ನ ಒಬ್ಬ ಅಧಿಕಾರಿ, ಜನಕ್ಕೆ ಇಂಥ ಹೊಸ ಬಗೆಯ ನಾಯಕರು ಬೇಡವಂತೆ ಎಂಬ ಅಂಗಡಿಯವರ ಮಾತನ್ನು ಬಹಿರಂಗವಾಗಿ ಹೇಳಿ ಬೈಸಿಕೊಂಡರು. ಆದರೆ 2016ರ ಏಪ್ರಿಲ್‌ನಲ್ಲಿ ಕಪ್ಪು ಲೇಖಕ ಟಾ-ನೆಹಿಸಿ ಕೋಟ್ಸ್ ಬರೆದ, ಕಪ್ಪು ನಾಯಕನ ಕತೆ 'ಬ್ಲ್ಯಾಕ್ ಪ್ಯಾಂಥರ್' ಮೊದಲ ಸಂಚಿಕೆಯ ಎರಡೂವರೆ ಲಕ್ಷ ಪ್ರತಿಗಳು ಅಂಗಡಿಗಳಿಗೆ ಹೋಗಿದ್ದವು. ಅವನ್ನೆಲ್ಲ ಯಾರು ಕೊಂಡರೋ!

ಆಗ ಓದುಗರು ಒಂದು ಕೆಲಸ ಮಾಡಿದರು. ರೀರಿ ಕತೆಯನ್ನು ಈವ್ ಯೂಯಿಂಗ್ ಬರೆಯಲಿ ಅಂತ ಮಾರ್ವೆಲ್‌ಗೆ ಅರ್ಜಿ ಹಾಕಿ ಸಹಿ ಸಂಗ್ರಹಿಸಿದರು. ಯೂಯಿಂಗ್ ಆವರೆಗೆ ಮಾರ್ವೆಲ್‌ಗೆ ಒಂದು ಪುಟವೂ ಬರೆದವರಲ್ಲ. ಕವಿ, ಅಷ್ಟೇ. ಆದರೂ 2018ರ ನವೆಂಬರ್‌ನಲ್ಲಿ ರೀರಿಯ ಕತೆ 'ಐರನ್‌ಹಾರ್ಟ್' ಮೊದಲ ಸಂಚಿಕೆ ಅವರ ಹೆಸರಲ್ಲೇ ಬಂತು. 12 ಸಂಚಿಕೆ ನಡೆಯಿತು. ನಡುವೆ, 1919ರ ಷಿಕಾಗೊ ಗಲಭೆಯ ಬಗ್ಗೆ ಒಂದು ಕವನ ಸಂಕಲನ. ಬಿಳಿಯರ ಕಲ್ಲೇಟಿನ ನಡುವೆ 17ರ ಒಬ್ಬ ಕಪ್ಪು ಹುಡುಗ ಸರೋವರದಲ್ಲಿ ಮುಳುಗಿ ಸತ್ತದ್ದರಿಂದ ಹೊತ್ತಿಕೊಂಡು 38 ಜನರನ್ನು ಬಲಿ ತೆಗೆದುಕೊಂಡ ಗಲಭೆ ಅದು. 2021ರಲ್ಲಿ ಮಕ್ಕಳಿಗಾಗಿ 'ಮಾಯಾ ಅಂಡ್ ದಿ ರೋಬಾಟ್'. ಐದನೇ ಕ್ಲಾಸಿನ ಹುಡುಗಿಗೆ ಬಡಾವಣೆಯ ಅಂಗಡಿಯಲ್ಲಿ ಯಾರೋ ಮರೆತುಬಿಟ್ಟ ರೋಬಾಟ್ ಸಿಗುತ್ತದೆ. ಕವಿತೆ, ಕಾಮಿಕ್ಸ್, ಮಕ್ಕಳ ಕತೆ ಮೂರರಲ್ಲೂ ಅದೇ ಸೈಕಲ್ ಹುಡುಗಿ ಇದ್ದಾಳೆ ಅನ್ನಿಸುತ್ತದೆ ನನಗೆ.

ಅದೇ 2021ರಲ್ಲಿ ಇನ್ನೊಂದು ಅರ್ಜಿ. ಟೆಕ್ಸಸ್‌ನ ಹ್ಯೂಸ್ಟನ್ ಹತ್ತಿರದ ಕೇಟಿ ಎಂಬ ಊರು. ಈ ಸಲ ಸಹಿ ಹಾಕಿದ 400ಕ್ಕೂ ಹೆಚ್ಚು ಮಂದಿಗೆ ಬೇಕಿದ್ದದ್ದು ಲೇಖಕನನ್ನು ಕರೆಸೋದಲ್ಲ, ತಡೆಯೋದು. ಆ ಲೇಖಕ ಜೆರ್ರಿ ಕ್ರಾಫ್ಟ್. ಅವರ 'ನ್ಯೂ ಕಿಡ್' 2020ರಲ್ಲಿ ಅಮೆರಿಕದ ಮಕ್ಕಳ ಸಾಹಿತ್ಯದ ದೊಡ್ಡ ಪ್ರಶಸ್ತಿ ನ್ಯೂಬೆರಿ ಪದಕ ಗೆದ್ದಿತ್ತು. ಆ ಪದಕ ಒಂದು ಕಾಮಿಕ್ಸ್ ಕಾದಂಬರಿಗೆ ಬಂದದ್ದು ಅದೇ ಮೊದಲು. ಕತೆಯ ಹುಡುಗ ಜೋರ್ಡನ್‌ಗೆ ಕಲಾಶಾಲೆಗೆ ಹೋಗೋ ಆಸೆ, ಅಮ್ಮ ಸೇರಿಸಿದ್ದು ಬಿಳಿಯರೇ ತುಂಬಿರುವ ದೊಡ್ಡ ಖಾಸಗಿ ಶಾಲೆಗೆ. ಅಲ್ಲಿನ ಟೀಚರ್ ಒಬ್ಬ ಕಪ್ಪು ಹುಡುಗನನ್ನು ಇನ್ನೊಬ್ಬನ ಹೆಸರಿಂದ ಕರೀತಾನೇ ಇರುತ್ತಾರೆ. ಬಿಳಿ ಮಕ್ಕಳ ಪುಸ್ತಕಗಳಲ್ಲಿ ಮಾಯಾಜಾಲ, ಸಾಹಸ. ಕಪ್ಪು ಮಕ್ಕಳದ್ದರಲ್ಲಿ ಬರೀ ಬಡತನ, ಗೋಳು. ಈ ತಮಾಷೆಯನ್ನೂ ಕ್ರಾಫ್ಟ್ ಪುಸ್ತಕದೊಳಗೇ ಇಟ್ಟಿದ್ದಾರೆ. ಇದರಿಂದ ಬಿಳಿ ಮಕ್ಕಳಿಗೆ ತಪ್ಪಿತಸ್ಥ ಭಾವ ಬರುತ್ತದೆ ಅನ್ನೋದು ಪೋಷಕರ ದೂರು. ಶಾಲೆಯ ಮಕ್ಕಳ ಜೊತೆ ಕ್ರಾಫ್ಟ್ ಅವರ ಆನ್‌ಲೈನ್ ಭೇಟಿ ಮುಂದಕ್ಕೆ ಹೋಯಿತು, ಪುಸ್ತಕ ಕಪಾಟಿನಿಂದ ಇಳಿಯಿತು. ಪರಿಶೀಲನಾ ಸಮಿತಿ ಓದಿ ನೋಡಿ, ಏನೂ ತೊಂದರೆ ಇಲ್ಲ ಅಂದಿತು. ಅಕ್ಟೋಬರ್ ಮುಗಿಯುವಷ್ಟರಲ್ಲಿ ಪುಸ್ತಕವೂ ವಾಪಸ್ಸು ಬಂತು, ಭೇಟಿಯೂ ನಡೆಯಿತು.

ಎರಡು ವರ್ಷ ಕಳೆದು ಫ್ಲಾರಿಡದಲ್ಲಿ ಸಹಿ ಸಂಗ್ರಹವೂ ಬೇಕಾಗಲಿಲ್ಲ. ಕಪ್ಪು ಕವಯಿತ್ರಿ ಅಮಾಂಡ ಗೋರ್ಮನ್ 2021ರ ಜನವರಿ 20ರಂದು, ತನ್ನ 22ನೇ ವಯಸ್ಸಿನಲ್ಲಿ, ಬೈಡನ್ ಪ್ರಮಾಣವಚನದಲ್ಲಿ ಓದಿದ ಕವಿತೆ ಪುಸ್ತಕವಾಗಿ ಬಂದಿತ್ತು. ಮಯಾಮಿ ಲೇಕ್ಸ್‌ನ ಒಂದು ಶಾಲೆಯಲ್ಲಿ ಒಬ್ಬರೇ ಪೋಷಕರು ಅದರ ಮೇಲೆ ದೂರಿನ ಫಾರಂ ತುಂಬಿದರು. ಲೇಖಕರ ಹೆಸರು ಬರೆಯುವ ಜಾಗದಲ್ಲಿ ಟಿವಿ ತಾರೆ ಓಪ್ರಾ ವಿನ್‌ಫ್ರೇ ಹೆಸರಿತ್ತು. ಶಾಲೆಯವರು ಪುಸ್ತಕ ತೆಗೆದುಹಾಕಲಿಲ್ಲ, ಸುಮ್ನೆ ಚಿಕ್ಕ ಮಕ್ಕಳ ಕಪಾಟಿನಿಂದ ದೊಡ್ಡ ಕ್ಲಾಸಿನವರ ಕಪಾಟಿಗೆ ಸಾಗಿಸಿದರು. ಮೊಲದ ಮದುವೆಗೆ ಮಾಡಿದ ಉಪಾಯವೇ. ಗೋರ್ಮನ್‌ಗೆ ಆವರೆಗೆ ಲೆಕ್ಕವಿಲ್ಲದಷ್ಟು ಮಕ್ಕಳಿಂದ ಕಾಗದ, ವಿಡಿಯೊ ಬಂದಿದ್ದವಂತೆ. ಕವಿತೆ ಓದಿ ತಾವೂ ಒಂದು ಕವಿತೆ ಬರೆದಿದ್ದೇವೆ ಅಂತ.