ಬ್ಯಾಡಗಿಯ ಮೇಲ್ ಯಾಕೆ ವಾಪಸ್ ಹೋಯಿತು?

ಧಾರವಾಡದ ಒಂದು ಕಾಲೇಜಿನ ಮೇಲ್ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಅಡ್ಮಿಷನ್ ದಿನಗಳಲ್ಲಿ ಒಂದು ಬೆಳಿಗ್ಗೆ ಬ್ಯಾಡಗಿಯಿಂದ ಫೋನ್ ಬಂತು. ಮೆಣಸಿನಕಾಯಿ ವ್ಯಾಪಾರಿ, ಮಗಳ ಮಾರ್ಕ್ಸ್ ಕಾರ್ಡ್ ಕಳಿಸುತ್ತಿದ್ದರು. "ಸಾಹೇಬ್ರ, ಮೂರ್ ಸಲ ಮೇಲ್ ಹಾಕೇನ್ರಿ, ಮೂರೂ ಸಲ ವಾಪಸ್ ಬಂದೈತ್ರಿ. ನಿಮ್ಮ ಕಾಲೇಜಿಗೆ ನಮ್ಮ ಮ್ಯಾಲ ಏನ್ ಸಿಟ್ಟ್ರಿ?"

ಲಾಗ್ ತೆಗೆದು ನೋಡಿದೆ. ಅವರ ಅಂಗಡಿಯ ಮೇಲ್ ಹೊರಡುವ ಸರ್ವರ್‌ನ ಐಪಿ ವಿಳಾಸ (ಇಂಟರ್ನೆಟ್ಟಿನಲ್ಲಿ ಅದರ ಮನೆ ನಂಬರು) ಒಂದು ಬ್ಲಾಕ್‌ಲಿಸ್ಟಿನಲ್ಲಿತ್ತು, ಅಂದರೆ ಸ್ಪ್ಯಾಮ್ (ಬೇಡದ ರಾಶಿ ಮೇಲ್) ಕಳಿಸುವ ವಿಳಾಸಗಳ ಕಪ್ಪುಪಟ್ಟಿಯಲ್ಲಿ. "ಸ್ಪ್ಯಾಮ್ ಭಾರೀ ಹಿಡಿಯುತ್ತದೆ" ಎಂಬ ಮಾತು ನಂಬಿ ಆ ಪಟ್ಟಿಯನ್ನು ತಿಂಗಳ ಹಿಂದೆ ಸೇರಿಸಿದವನು ನಾನೇ.

ಬ್ಲಾಕ್‌ಲಿಸ್ಟ್ ಕೆಲಸ ಮಾಡುವ ರೀತಿ ಜಾಣತನದ್ದು. ಹೊರಗಿನ ಸರ್ವರ್ ಬಾಗಿಲು ತಟ್ಟಿದ ಕೂಡಲೇ ಅದರ ಐಪಿ ನಮಗೆ ಕಾಣುತ್ತದೆ, 192.0.2.45 ಎಂದಿಟ್ಟುಕೊಳ್ಳಿ. ನಮ್ಮ ಸರ್ವರ್ ಅದನ್ನು 45.2.0.192 ಎಂದು ತಿರುಗಿಸಿ, ಹಿಂದೆ ಪಟ್ಟಿಯ ಹೆಸರು ಜೋಡಿಸಿ, ಡಿಎನ್‌ಎಸ್‌ನಲ್ಲಿ, ಅಂದರೆ ಇಂಟರ್ನೆಟ್ಟಿನ ಹೆಸರು-ವಿಳಾಸಗಳ ಡೈರೆಕ್ಟರಿಯಲ್ಲಿ, "ಈ ಹೆಸರು ಉಂಟೇ?" ಎಂದು ಕೇಳುತ್ತದೆ. ತಿರುಗಿಸುವುದೇಕೆ? ನಾವು ಲಕೋಟೆಯ ಮೇಲೆ ಮನೆ, ಓಣಿ, ಊರು, ಜಿಲ್ಲೆ ಎಂದು ಬರೆಯುತ್ತೇವೆ. ಡಿಎನ್‌ಎಸ್ ಹೆಸರೂ ಹಾಗೆಯೇ, ದೊಡ್ಡದು ಕೊನೆಗೆ. ಐಪಿ ಮಾತ್ರ ಜಿಲ್ಲೆಯಿಂದ ಶುರುವಾಗುತ್ತದೆ. ಅಂಥ ಹೆಸರಿಲ್ಲ ಎಂದರೆ ವಿಳಾಸ ಪಟ್ಟಿಯಲ್ಲಿಲ್ಲ. 127.0.0.2ರಂಥ ಉತ್ತರ ಬಂದರೆ ಇದೆ. ಪತ್ರದ ಒಂದಕ್ಷರ ಓದುವ ಮೊದಲೇ ತೀರ್ಮಾನ ಆಗಿಬಿಡುತ್ತದೆ. ಇಂಟರ್ನೆಟ್ ಎಂಜಿನಿಯರ್ ಪಾಲ್ ವಿಕ್ಸಿ 1997ರಲ್ಲಿ ಶುರುಮಾಡಿದ ಪಟ್ಟಿಯಿಂದ ಈ ಪದ್ಧತಿ ಬೆಳೆಯಿತು.

ತೊಡಕಿರುವುದು ಆಯ್ಕೆಯಲ್ಲಿ. ಎಲ್ಲ ಪಟ್ಟಿಗಳೂ ಒಂದೇ ಮಾತು ಹೇಳುವುದಿಲ್ಲ. ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಖರೀದಿದಾರ ಚೀಲಕ್ಕೆ ಕೈ ಹಾಕಿ ಕಾಯಿ ನೋಡುತ್ತಾನೆ. ಹಸಿ ಇದ್ದರೆ ಆ ಚೀಲ ಬಿಡುತ್ತಾನೆ. ಕೆಲವು ಪಟ್ಟಿಗಳು ಹೀಗೆ ಒಂದೊಂದೇ ಐಪಿ ನೋಡುತ್ತವೆ. ಇನ್ನು ಕೆಲವು, ಒಂದು ಚೀಲ ಕೆಟ್ಟರೆ ಲಾರಿಯನ್ನೇ ತಿರುಗಿಸುತ್ತವೆ. ಮತ್ತೂ ಕೋಪ ಬಂದರೆ ಆ ಊರಿನ ಮಾಲೇ ಬೇಡ ಎನ್ನುತ್ತವೆ, ಅಂದರೆ ಸರ್ವರ್ ಬಾಡಿಗೆಗೆ ಕೊಡುವ ಹೋಸ್ಟಿಂಗ್ ಕಂಪನಿಯ ಇಡೀ ಜಾಲವೇ ಪಟ್ಟಿಯೊಳಗೆ. ನಾನು ಸೇರಿಸಿದ್ದು ಈ ಕೊನೆಯ ಜಾತಿಯದು. ವ್ಯಾಪಾರಿಯ ಬಾಡಿಗೆ ಸರ್ವರ್‌ನ ನೆರೆಯಲ್ಲಿ ಯಾರೋ ಸ್ಪ್ಯಾಮ್ ಕಳಿಸಿದ್ದರು, ಅಷ್ಟೇ. ಇಂಥ ಪಟ್ಟಿ ಸ್ಪ್ಯಾಮ್ ಹಿಡಿಯುವುದು ನಿಜ. ಎಲ್ಲರನ್ನೂ ಒಳಗೆ ಹಾಕಿದರೆ ಕಳ್ಳನೂ ಸಿಕ್ಕೇ ಸಿಗುತ್ತಾನಲ್ಲ!

ಇಂಥ ಪಟ್ಟಿ ನಡೆಸುವ, 1998ರಲ್ಲಿ ಶುರುವಾದ ಸ್ಪ್ಯಾಮ್‌ಹೌಸ್ ಎಂಬ ಸಂಸ್ಥೆಯಲ್ಲಿ ಪಟ್ಟಿಗಳು ಬೇರೆ ಬೇರೆ. ಎಸ್‌ಬಿಎಲ್ ಸ್ಪ್ಯಾಮ್ ಮೂಲಗಳದ್ದು, ಎಕ್ಸ್‌ಬಿಎಲ್ ವೈರಸ್ ಹತ್ತಿದ ಯಂತ್ರಗಳದ್ದು. ಪಿಬಿಎಲ್ ಮಾತ್ರ ದೂರು ಅಲ್ಲವೇ ಅಲ್ಲ. ಮನೆಯ ಬ್ರಾಡ್‌ಬ್ಯಾಂಡ್‌ನಂಥ ವಿಳಾಸಗಳಿಂದ ನೇರವಾಗಿ ಮೇಲ್ ಬರಬಾರದು ಎನ್ನುವುದಷ್ಟೇ ಅದರ ಮಾತು. ಮೂರನ್ನೂ ಕೂಡಿಸಿದ್ದಕ್ಕೆ ಝೆನ್ ಎಂದು ಹೆಸರು. ಇದನ್ನು ಹೊರಗಿನ ಸರ್ವರ್‌ಗಳು ಬರುವ 25ನೇ ಪೋರ್ಟಿಗೆ (ಬಾಗಿಲಿಗೆ) ಹಾಕಿ. ನಮ್ಮವರೇ ಪಾಸ್‌ವರ್ಡ್ ಕೊಟ್ಟು ಕಳಿಸುವ 587ಕ್ಕೂ ಹಾಕಿದರೆ ವಿದ್ಯಾನಗರದ ಮನೆಯಲ್ಲಿ ಕೂತ ಪ್ರಿನ್ಸಿಪಾಲರ ಮೇಲ್ ನಿಂತೀತು. ಆಮೇಲಿನ ಫೋನು ಬ್ಯಾಡಗಿಯಿಂದ ಬರುವುದಿಲ್ಲ.

ಬೀಳುವುದಕ್ಕೆ ಇನ್ನೊಂದು ಗುಂಡಿ ಇದೆ. ಗೂಗಲ್‌ನ 8.8.8.8ರಂಥ ಸಾರ್ವಜನಿಕ ಡಿಎನ್‌ಎಸ್ ಮೂಲಕ ಕೇಳಿದರೆ ಸ್ಪ್ಯಾಮ್‌ಹೌಸ್ 127.255.255.254 ಎಂದು ಉತ್ತರಿಸುತ್ತದೆ: "ಈ ದಾರಿಯಿಂದ ಕೇಳಬೇಡಿ." ಯಾವ ಉತ್ತರ ಬಂದರೂ "ಹೌದು" ಎಂದು ಓದುವ ಸರ್ವರ್ ಆಗ ಬಂದ ಮೇಲನ್ನೆಲ್ಲ ಅಟ್ಟುತ್ತದೆ. ಅದಕ್ಕೇ ಸ್ವಂತ ರಿಸಾಲ್ವರ್ (ಡಿಎನ್‌ಎಸ್‌ನಲ್ಲಿ ಕೇಳಿ ಉತ್ತರ ತರುವ ಸರ್ವರ್) ಇಟ್ಟುಕೊಳ್ಳಬೇಕು, ಉತ್ತರದ ಅಂಕಿಯನ್ನೂ ನೋಡಬೇಕು.

ಪಟ್ಟಿಗಳು ಸಾಯುತ್ತವೆ ಕೂಡ. ಒಆರ್‌ಡಿಬಿ ಎಂಬ ಪಟ್ಟಿ 2006ರ ಡಿಸೆಂಬರ್‌ನಲ್ಲಿ ಅಂಗಡಿ ಮುಚ್ಚಿತು. ಆದರೂ ಎಷ್ಟೋ ಸರ್ವರ್‌ಗಳು ಅದನ್ನು ಕೇಳುತ್ತಲೇ ಇದ್ದವು. 2008ರ ಮಾರ್ಚ್‌ನಲ್ಲಿ ಅದು ಯಾವ ವಿಳಾಸ ಕೇಳಿದರೂ "ಹೌದು, ಪಟ್ಟಿಯಲ್ಲಿದೆ" ಎನ್ನತೊಡಗಿತು. ಮರೆತು ಕೂತವರಿಗೆ ಬರುವ ಇಮೇಲ್ ಎಲ್ಲ ನಿಂತಿತು. 2021ರ ಜನವರಿ ಕೊನೆಗೆ ಸ್ಪ್ಯಾಮ್‌ಕಾಪ್ ಪಟ್ಟಿಯ ಡೊಮೇನ್ (ಇಂಟರ್ನೆಟ್ ಹೆಸರು) ನವೀಕರಣವಾಗದೆ ಇಂಥದೇ ಗೊಂದಲ. ಸಾರ್ಬ್ಸ್ 2024ರಲ್ಲಿ ಮುಚ್ಚಿತು. ಇದಕ್ಕೊಂದು ಸರಳ ಪರೀಕ್ಷೆ ಆರ್‌ಎಫ್‌ಸಿ 5782 ಎಂಬ ಇಂಟರ್ನೆಟ್ ದಾಖಲೆಯಲ್ಲಿದೆ: ಬದುಕಿರುವ ಪಟ್ಟಿ 127.0.0.2 ಎಂಬ ವಿಳಾಸ ಕೇಳಿದರೆ "ಇದೆ" ಎನ್ನಬೇಕು, 127.0.0.1 ಕೇಳಿದರೆ "ಇಲ್ಲ" ಎನ್ನಬೇಕು. ನನ್ನ ಸ್ಕ್ರಿಪ್ಟ್ ದಿನಾ ರಾತ್ರಿ ಇವೆರಡನ್ನೂ ಕೇಳುತ್ತದೆ. ತಪ್ಪಿದ ಪಟ್ಟಿ ಬೆಳಗಾಗುವುದರೊಳಗೆ ಹೊರಗೆ.

ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ತಂತ್ರಾಂಶದಲ್ಲಿ ಬಾಗಿಲು ಕಾಯುವ ಪೋಸ್ಟ್‌ಸ್ಕ್ರೀನ್ ಎಂಬ ಭಾಗವಿದೆ. ಅದರಲ್ಲಿ ಒಂದೊಂದು ಪಟ್ಟಿಗೂ ತೂಕ ಕೊಡಬಹುದು. ಸ್ಪ್ಯಾಮ್‌ಹೌಸ್‌ಗೆ ಮೂರು ಅಂಕ, ಮಿಕ್ಕವಕ್ಕೆ ಒಂದೊಂದು. ಮೂರಾದರೆ ಬಾಗಿಲು ಬಂದ್. ಹೊಸ ಪಟ್ಟಿಯನ್ನು ಎರಡು ವಾರ ಬರೇ ಲಾಗ್‌ನಲ್ಲಿ ನೋಡುತ್ತೇನೆ, ಯಾರನ್ನೂ ತಡೆಯುವುದಿಲ್ಲ. ಎಷ್ಟು ಸ್ಪ್ಯಾಮ್ ಹಿಡಿಯಿತು ಎಂಬ ಲೆಕ್ಕಕ್ಕಿಂತ, ಗದಗಿನ ಪ್ರೆಸ್ಸಿನ ಕೊಟೇಶನ್, ಹಾವೇರಿಯ ಪಾಲಕರ ಪತ್ರ ಅದರಲ್ಲಿ ಸಿಕ್ಕಿಬಿದ್ದಿತ್ತೇ ಎಂದು ಹುಡುಕುತ್ತೇನೆ. ತಡೆಯುವುದಾದರೂ ಬಾಗಿಲಲ್ಲೇ 550 (ಮೇಲ್ ತಗೊಳ್ಳುವುದಿಲ್ಲ ಎಂಬ ಸಂಕೇತ) ಎಂದು ಕಾರಣ ಹೇಳಿ ಕಳಿಸುತ್ತೇನೆ. ಒಳಗೆ ತಗೊಂಡು ಸದ್ದಿಲ್ಲದೆ ಎಸೆಯುವ ಸರ್ವರ್ ನನಗೆ ಆಗದು. ಮೇಲ್ ವಾಪಸ್ ಹೋಗಿದ್ದರಿಂದಲೇ ಆ ವ್ಯಾಪಾರಿ ಫೋನ್ ಹಚ್ಚಿದರು.

ಅವತ್ತು ಪಟ್ಟಿ ತೆಗೆದು "ಈಗ ಕಳಿಸ್ರಿ" ಅಂದೆ. ಹತ್ತು ನಿಮಿಷಕ್ಕೆ ಮಾರ್ಕ್ಸ್ ಕಾರ್ಡ್ ಬಂತು, ಅಡ್ಡಡ್ಡ ಸ್ಕ್ಯಾನ್ ಆಗಿತ್ತು. ಕೆಳಗೆ ಅವರ ಅಂಗಡಿಯ ಆ ದಿನದ ಮೆಣಸಿನಕಾಯಿ ದರಪಟ್ಟಿಯೂ ಅಂಟಿಕೊಂಡು ಬಂದಿತ್ತು.