ಕಣ್ಣು ಮುಚ್ಚಿಸಲೇಬೇಕಾ ಸರ್?

ಪ್ರಶ್ನೆ: ಕ್ಲಾಸಲ್ಲಿ ಹತ್ತು ನಿಮಿಷ ಮೈಂಡ್‌ಫುಲ್‌ನೆಸ್ (ಈ ಕ್ಷಣದಲ್ಲಿ ಗಮನ ಇಡುವ ಅಭ್ಯಾಸ) ಮಾಡಿಸುತ್ತೇವೆ. ಸೆಮಿಸ್ಟರಿಗೊಮ್ಮೆ ಫೀಲ್ಡ್ ವಿಸಿಟ್ ಕೂಡ ಇದೆ. ಎರಡನ್ನೂ ಸೇರಿಸೋದು ಹೇಗೆ? (ಉಪನ್ಯಾಸಕಿ, ರಾಯಚೂರು)

ಮೇಡಂ, ಈ ಪ್ರಶ್ನೆ ಬರದ ಕಾರ್ಯಾಗಾರವೇ ಇಲ್ಲ. ಆ ಹತ್ತು ನಿಮಿಷವನ್ನು ಕ್ಲಾಸಿನಿಂದ ಎತ್ತಿ ಫೀಲ್ಡಿಗೆ ಒಯ್ಯಿರಿ, ಅಷ್ಟೇ.

ಇಷ್ಟು ಹೇಳಿದ ಕೂಡಲೇ ಯಾರಾದರೂ ಕೈ ಎತ್ತುತ್ತಾರೆ: "ಮೊದಲು ಕಣ್ಣು ಮುಚ್ಚಿ ಮನಸ್ಸು ಖಾಲಿ ಮಾಡ್ಕೋಬೇಕು ಅಲ್ವಾ ಸರ್?" ಬೇಡ. ಎಷ್ಟು ಸಲ ಹೇಳಲಿ, ಬೇಡ! ಬಳ್ಳಾರಿ ಬಿಸಿಲಲ್ಲಿ, ಊಟದ ನಂತರದ ಪೀರಿಯಡ್‌ನಲ್ಲಿ ಕಣ್ಣು ಮುಚ್ಚಿಸಿದರೆ ಅರ್ಧ ಕ್ಲಾಸು ಗೊರಕೆ ಹೊಡೆಯುತ್ತದೆ. ಕೆಲವು ಮಕ್ಕಳಿಗೆ ಕಣ್ಣು ಮುಚ್ಚಿದರೆ ಗಾಬರಿಯೂ ಆಗುತ್ತದೆ. ಇನ್ನು ಮನಸ್ಸು ಖಾಲಿ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಜಾನ್ ಕಬಾಟ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಶುರು ಮಾಡಿದ ಎಂಟು ವಾರದ ಮೈಂಡ್‌ಫುಲ್‌ನೆಸ್ ತರಬೇತಿಯನ್ನೇ ನೋಡಿ. ಅದರ ಹೆಸರಾಂತ ಪಾಠ ಒಂದು ಒಣದ್ರಾಕ್ಷಿ ತಿನ್ನುವುದು. ಕೈಯಲ್ಲಿ ಹಿಡಿದು ನೋಡಿ, ಮೂಸಿ, ನಿಧಾನಕ್ಕೆ ಅಗಿಯುವುದು. ಗಮನ ಬೇರೆ ಕಡೆ ಹೋಗುತ್ತದೆ. ಹೋಯಿತು ಅಂತ ಗೊತ್ತಾದಾಗ ವಾಪಸ್ ತರುವುದು. ಅಭ್ಯಾಸ ಅಂದರೆ ಅದೇ.

ಇದನ್ನು ಫೀಲ್ಡಿಗೆ ಯಾಕೆ ಒಯ್ಯಬೇಕು? ಅಮೆರಿಕದ ಶಿಕ್ಷಣ ಚಿಂತಕ ಡೇವಿಡ್ ಕೋಲ್ಬ್ 1984ರಲ್ಲಿ ಅನುಭವದ ಕಲಿಕೆಗೆ ನಾಲ್ಕು ಹಂತ ಹೇಳಿದರು: ಅನುಭವ, ಅದನ್ನು ತಿರುಗಿ ನೋಡುವುದು, ಅದರಿಂದ ಒಂದು ವಿಚಾರ ಕಟ್ಟುವುದು, ಮತ್ತೆ ಮಾಡಿ ನೋಡುವುದು. ಫೀಲ್ಡ್ ವಿಸಿಟ್‌ನಲ್ಲಿ ನಾವು ಮೊದಲನೆಯದು ಮುಗಿಸಿ, ಗ್ರೂಪ್ ಫೋಟೋ ತೆಗೆದು, ಬಸ್ ಹತ್ತುತ್ತೇವೆ. ಗಮನಿಸದೇ ಇದ್ದದ್ದನ್ನು ತಿರುಗಿ ನೋಡೋದಾದರೂ ಹೇಗೆ?

ನಮ್ಮ ಇತಿಹಾಸದ ಮಕ್ಕಳನ್ನು ಬಳ್ಳಾರಿ ಹತ್ತಿರದ ಸಂಗನಕಲ್ಲಿನ ಗುಡ್ಡಕ್ಕೆ ಕರೆದೊಯ್ದರೆ ಮೊದಲ ಹತ್ತು ನಿಮಿಷ ನಾನು ಬಾಯೇ ಬಿಡುವುದಿಲ್ಲ. ಒಬ್ಬೊಬ್ಬರು ಒಂದೊಂದು ಬಂಡೆ ಹತ್ತಿರ ನಿಂತು ಕಂಡದ್ದು ಬರೆಯಬೇಕು. "ಪುರಾತನ, ಅದ್ಭುತ" ಅಂತ ಬರೆದರೆ ಹೊಡೆದುಹಾಕುತ್ತೇನೆ. "ಸೆಕೆ, ಹಸಿವು" ಅಂತ ಬರೆದರೆ ಇರಲಿ, ಅದೂ ಗಮನಿಸಿದ್ದೇ. ಒಮ್ಮೆ ಒಬ್ಬ ಹುಡುಗಿ ಬಂಡೆಯ ಮೇಲಿನ ನುಣುಪಾದ ಗುಳಿ ಸವರಿ, "ನಮ್ಮವ್ವ ಖಾರ ಅರಿಯೋ ಕಲ್ಲಿನಂಗೈತ್ರಿ ಸರ" ಅಂದಳು. ಏನು ಅರೆದಿರಬಹುದು ಅಂತ ಚರ್ಚೆ ಎದ್ದಿತು. ನವಶಿಲಾಯುಗದವರು ಕಲ್ಲಿನ ಕೊಡಲಿ ಉಜ್ಜಿ ನಯ ಮಾಡಿದ ಗುರುತು ಅನ್ನುವಲ್ಲಿಗೆ ಅವರೇ ಬಂದರು. ನಾನು ಮಾಡಿದ್ದು ಸುಮ್ನೆ ಇದ್ದದ್ದು ಮಾತ್ರ. ಅದಕ್ಕೂ ತರಬೇತಿ ಬೇಕು ಬಿಡಿ, ಮೇಷ್ಟ್ರುಗಳಿಗೆ!

ನಿಮ್ಮದು ಕಾಮರ್ಸ್ ಆದರೆ ಊರಲ್ಲೇ ಹತ್ತಿ ಮಾರುಕಟ್ಟೆ ಇದೆ. ವ್ಯಾಪಾರದ ಹೊತ್ತಿಗೆ ಹೋಗಿ.

ನೀವು ಕೇಳಿಲ್ಲ, ಆದರೂ ಇಂಟರ್ನಲ್ಸ್ ಅಂಕದ ಬಗ್ಗೆ ಹೇಳಿಬಿಡುತ್ತೇನೆ. ಶಾಂತಿಗೆ ಅಂಕ ಕೊಡಬೇಡಿ. ಕೊಟ್ಟರೆ ಇಡೀ ಕ್ಲಾಸು "ತುಂಬಾ ನೆಮ್ಮದಿ ಸಿಕ್ಕಿತು" ಅಂತ ಬರೆಯುತ್ತದೆ. ಏನು ಕಂಡರು, ಅದರಿಂದ ಯಾವ ಪ್ರಶ್ನೆ ಹುಟ್ಟಿತು, ಮೊದಲಿನ ಊಹೆ ಎಲ್ಲಿ ಬದಲಾಯಿತು, ಇವುಗಳಿಗೆ ಕೊಡಿ. ಊಹೆ ಬದಲಾಗಿದ್ದರೆ ಸ್ವಲ್ಪ ಜಾಸ್ತಿಯೇ ಕೊಡಿ. ನೋಟ್‌ಬುಕ್ ಮಾತ್ರ ಅಲ್ಲೇ ಇಸ್ಕೊಳ್ಳಿ. ಹಾಸ್ಟೆಲ್ ಸೇರಿದರೆ ಎಲ್ಲರ ಅನುಭವವೂ ಒಂದೇ ಆಗಿಬಿಡುತ್ತದೆ.